ಅರ್ಧಕ್ಕೆ ನಿಂತ ಕಟ್ಟಡದ ಬರಾವು

ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ, ನನ್ನ ಹೊಲಿಗೆ ಅಂಗಡಿಯ ಎದುರಿಗೆ, ಎಂಟು ಅಂತಸ್ತು ಎದ್ದು ಅರ್ಧಕ್ಕೇ ನಿಂತ ಕಟ್ಟಡವೊಂದಿತ್ತು. ಕಟ್ಟಿಸುತ್ತಿದ್ದವರು ತೀರಿಕೊಂಡು, ಮಕ್ಕಳು ಕೋರ್ಟು ಹತ್ತಿದ್ದರು. ಕಾವಲಿಗಿದ್ದವನು ಉತ್ತರದ ಕಟ್ಸಿನಾ ಕಡೆಯ ಬರಾವು ಎಂಬುವನು. ಹೆಂಡತಿ ಸತ್ತ ಮೇಲೆ ರಾಜಧಾನಿಗೆ ಬಂದವನು, ಒಂದೆರಡು ತಿಂಗಳ ಕೆಲಸವೆಂದು ಸೇರಿ ಅಲ್ಲೇ ತಲೆ ನರೆಸಿಕೊಂಡಿದ್ದ. ಕೆಳಗಿನ ಮೂಲೆಯೊಂದಕ್ಕೆ ಸಿಮೆಂಟು ಚೀಲಗಳ ಪರದೆ ಕಟ್ಟಿ ಮಲಗುತ್ತಿದ್ದ. ಸಂಜೆ ತಾರಸಿ ಹತ್ತಿ ಕೂರುತ್ತಿದ್ದ. ವರ್ಷ ವರ್ಷವೂ ಹೊಸ ಗಾಜಿನ ಕಟ್ಟಡಗಳೆದ್ದು ಊರಂಚಿನ ಅಸೊ ಬಂಡೆಗುಡ್ಡವನ್ನು ಅಷ್ಟಷ್ಟೇ ಮರೆಮಾಡುತ್ತಿದ್ದವು. ಮಾತಿಗೆ ಪಾರಿವಾಳಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಕೊನೆಗೆ ವ್ಯಾಜ್ಯ ಮುಗಿದು ಕಟ್ಟಡ ಮಾರಾಟವಾಯಿತು. ಗಾರೆಯವರು, ಕಬ್ಬಿಣದವರು ಬಂದರು. ಅವರ ಹಿಂದೆಯೇ ಅಸಬೆ ಎಂಬ ವಿಧವೆ ಬಂದು ಗೇಟಿನ ಬಳಿ ಒಲೆ ಹೂಡಿದಳು.

"ಏನ್ರೀ ಕಾವಲುಗಾರ್ರೇ, ಅನ್ನ ಹಾಕ್ಲೋ, ತುವೊ ಮುದ್ದೆ ಹಾಕ್ಲೋ?"

"ಯಾವುದಾದ್ರೂ ಆಗುತ್ತೆ."

"ಯಾವುದಾದ್ರೂ ಅನ್ನೋದನ್ನ ನಾನು ಬೇಯ್ಸಿಲ್ಲ."

ಬರಾವು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆಮೇಲೆ ಅವಳು ಪಾತ್ರೆ ತೊಳೆಯುವ ಹೊತ್ತಿಗೆ ಇವನು ನೀರು ಹೊತ್ತು ತರತೊಡಗಿದ. ತಳ ಹಿಡಿದ ಗರಿಗರಿ ಅನ್ನವನ್ನು ಅವಳು ಇವನಿಗೆಂದೇ ಎತ್ತಿಡುತ್ತಿದ್ದಳು.

"ಈ ಕಟ್ಟಡ ಮುಗಿದ್ಮೇಲೆ ಏನ್ ಮಾಡ್ತೀರಿ?" ಎಂದು ಒಂದು ಸಂಜೆ ಕೇಳಿದಳು.

"ಇನ್ನೇನು, ಕಾವಲು."

ಮುಂದೇನಾದರೂ ಹೇಳುತ್ತಾನೇನೋ ಎಂದು ಅವಳು ಪಾತ್ರೆ ಕೆಳಗಿಟ್ಟು ಅವನತ್ತ ತಿರುಗಿದಳು. ಅವನು ಬಕೆಟ್ ಎತ್ತಿಕೊಂಡು ನೀರಿಗೆ ಹೋದ.

ಕಟ್ಟಡಕ್ಕೆ ಗಾಜು ಕೂತಿತು. ಸಮವಸ್ತ್ರದ ಕಾವಲುಗಾರರು ಬಂದು, ಬರಾವುಗೂ ಒಂದು ಸಮವಸ್ತ್ರ ತೊಡಿಸಿ ಹಿಂದಿನ ಗೇಟು ಕೊಟ್ಟರು. ತಾರಸಿಗೆ ಬೀಗ ಬಿತ್ತು. ಅಸಬೆ ಕೆಲಸಗಾರರ ಜೊತೆ ಗ್ವಾರಿನ್‌ಪಾ ಬಡಾವಣೆಯ ಕಡೆಗೆ ಹೋದಳು. ಮಳೆಗಾಲ ಪೂರ್ತಿ ಸುಮ್ಮನಿದ್ದ ಬರಾವು, ಒಂದು ಶುಕ್ರವಾರ ನಮಾಜು ಮುಗಿಸಿ ಅವಳನ್ನು ಹುಡುಕಿಕೊಂಡು ಹೊರಟ. ಕಟ್ಟುತ್ತಿದ್ದ ಕಟ್ಟಡಗಳಲ್ಲೆಲ್ಲ ವಿಚಾರಿಸುತ್ತ ಹೋಗಿ, ಒಂದು ಮಾವಿನ ಮರದ ಕೆಳಗೆ ಅವಳನ್ನು ಕಂಡ.

"ದಾರಿ ತಪ್ಪಿ ಬಂದ್ರಾ?" ಎಂದಳು.

"ನನ್ ಜೊತೆ ಬಾಳ್ತೀಯಾ ಅಂತ ಕೇಳೋಣ ಅಂತ ಬಂದೆ."

ಅವಳು ಸೌಟು ಕೆಳಗಿಟ್ಟಳು. "ಇದನ್ನ ಅಲ್ಲೇ ಕೇಳೋಕೆ ಏನಾಗಿತ್ತು? ಕಬ್ಬಿಣದ ಮೇಸ್ತ್ರಿ ಕೇಳ್ದ. ಹೂಂ ಅಂದ್ಬಿಟ್ಟಿದ್ದೀನಿ." ಆಮೇಲೆ ಮೆಲ್ಲಗೆ, "ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ," ಎಂದಳು.

ಬಡಿಸಿದ್ದನ್ನೆಲ್ಲ ಉಂಡು, ಚೆನ್ನಾಗಿದೆ ಅಂದು ಎದ್ದು ಬಂದನಂತೆ. ಹಾಗಂತ ಅವನೇ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದ. ನಾನು ಹೊಲಿಗೆ ನಿಲ್ಲಿಸಿ ಅವನಿಗೆ ಚಹಾ ತರಿಸಿದೆ.

ಆ ತಿಂಗಳೇ ಅವನು ಸಮವಸ್ತ್ರ ಹಿಂದಿರುಗಿಸಿ ನಗರದಾಚೆಯ ಲುಗ್ಬೆ ಕಡೆಗೆ ಹೋದ. ಅಲ್ಲಿ ಯಾರದೋ ಮನೆ ಕಟ್ಟುವ ಕೆಲಸ ಗೋಡೆಯವರೆಗೆ ಬಂದು ಅರ್ಧಕ್ಕೇ ನಿಂತಿತ್ತಂತೆ, ಕಾವಲಿಗೆ ಒಬ್ಬರು ಬೇಕಾಗಿದ್ದರು.