ಕಪ್ಪು ಗೆರೆಯಲ್ಲೊಂದು ಬಿಳಿ ಗೀಟು

ಪ್ಯಾಕಿಂಗ್ ಶೆಡ್ಡಿನಲ್ಲಿ ಅವನ ಹೆಸರು ಸಿಡಿಲಣ್ಣ. ಎದುರಿಗಿದ್ದಾಗ ಅಣ್ಣ, ಬೆನ್ನ ಹಿಂದೆ ಬರೀ ಸಿಡಿಲು. ಪೆಟ್ಟಿಗೆಗಳಿಗೆ ಬಾರ್‌ಕೋಡ್ ಲೇಬಲ್ ಪ್ರಿಂಟ್ ಮಾಡುವುದು ಅವನ ಕೆಲಸ. ಬಾಯಿಗಿಂತ ಮೊದಲು ಕೈ ಮಾತಾಡುವುದು ಅವನ ಸ್ವಭಾವ. ಹೆಂಡತಿ ಅದೇ ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಟೇಪ್ ಹಾಕುತ್ತಿದ್ದಳು. ಅವಳ ತಮ್ಮ ಲೇಬಲ್ ಅಂಟಿಸಿ ಲಾರಿಗೆ ತುಂಬುತ್ತಿದ್ದ. "ನನಗೆ ಹೊಡೆದಿದ್ದೆಲ್ಲ ನುಂಗ್ಕೊಂಡಿದೀನಿ. ಅವನ ಮೈ ಮುಟ್ಟಿದ್ರೆ ಮಾತ್ರ ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ" ಎಂದು ಅವಳು ಹೇಳಿದ್ದಳು. ಅವನು ನಕ್ಕುಬಿಟ್ಟಿದ್ದ.

ಆ ದಿನ ಕಳಿಸಿದ ಲಾರಿ ತುಂಬಿದ ಹಾಗೇ ವಾಪಸ್ ಬಂತು. ಗೋದಾಮಿನ ಸ್ಕ್ಯಾನರ್ ಒಂದು ಲೇಬಲ್ಲನ್ನೂ ಓದಲಿಲ್ಲವಂತೆ. ಡ್ರೈವರ್ ಒಂದು ಪೆಟ್ಟಿಗೆಯನ್ನು ಸಿಡಿಲಣ್ಣನ ಕಾಲ ಬಳಿ ಎಸೆದ. "ನಿನ್ನ ಗೆರೆಗಳನ್ನ ನೀನೇ ಓದ್ಕೋ. ಅಲ್ಲಿ ಎಲ್ಲರ ಮುಂದೆ ಉಗಿಸ್ಕೊಂಡು ಬಂದೆ."

ಹಮಾಲರು ಕಿಸಕ್ಕನೆ ನಕ್ಕರು. ಅದೇ ಹೊತ್ತಿಗೆ ಮೈದುನ ಕೈ ತೊಳೆದುಕೊಂಡು, ನೀರು ಝಾಡಿಸುತ್ತಾ ಒಳಗೆ ಬಂದ. ಅಷ್ಟೇ ಸಾಕಾಯಿತು.

"ಒದ್ದೆ ಕೈಲಿ ತಿಕ್ಕಿ ಹಾಳು ಮಾಡಿದ್ದು ನೀನೇ ಅಲ್ವೇನೋ!"

"ಇಲ್ಲ ಭಾವ, ಒರೆಸ್ಕೊಂಡೇ—"

ಮಾತು ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು. ಬಿದ್ದವನ ಪಕ್ಕೆಗೆ ಒದ್ದ. ಲೇಬಲ್ ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಕೈಗೆ ಸಿಕ್ಕಿತು; ಅದರಿಂದ ತಲೆಗೆ, ಕಿವಿಗೆ, ಅಡ್ಡ ಹಿಡಿದ ಕೈಗೆ ದನಕ್ಕೆ ಬಡಿದ ಹಾಗೆ ಬಡಿದ. ಬಿಡಿಸಲು ಬಂದ ಹಮಾಲನ ಬಾಯಿಗೆ ಮೊಣಕೈ ತಗುಲಿ ಹಲ್ಲು ಉದುರಿತು. ಕೊನೆಗೆ ಮೂವರು ಸೇರಿ ಅವನನ್ನು ಗೋಡೆಗೆ ಒತ್ತಿದರು. ಮೈದುನನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಬಿಡ್ರೋ, ನನ್ನ ಪ್ರಿಂಟ್ ಹೇಗಿರುತ್ತೆ ಅಂತ ತೋರಿಸ್ತೀನಿ!" ಕೊಸರಿಕೊಂಡು ಹೋಗಿ ಹೊಸ ರೋಲ್ ಹಾಕಿ ಮೆಷಿನ್ ಓಡಿಸಿದ. ಯಾರ ಕೈಯೂ ಸೋಕದ ಲೇಬಲ್ಲುಗಳು ಸರಸರ ಹೊರಬಂದವು. ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ, ಅದೇ ಕಪ್ಪು ಗೆರೆಯನ್ನು ಸೀಳಿಕೊಂಡು ಕೂದಲಿನಷ್ಟು ಸಣ್ಣ ಬಿಳಿ ಗೀಟು.

ಅಂದು ಬೆಳಿಗ್ಗೆ ಮೆಷಿನ್ನಿನಲ್ಲಿ ಗೆರೆ ಮೂಡಿಸುವ ಪ್ರಿಂಟ್ ಹೆಡ್ಡಿಗೆ ಅಂಟು ಮೆತ್ತಿಕೊಂಡಿತ್ತು. ಸ್ಪಿರಿಟ್ ಹಚ್ಚಿ ಒರೆಸಿದರೆ ಆರುವವರೆಗೆ ಕಾಯಬೇಕು. ಕಾಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬ್ಲೇಡಿನಿಂದ ಕೆರೆದು ಹಾಕಿದ್ದ. ಬ್ಲೇಡ್ ತಾಗಿದ ಜಾಗ ಅಲ್ಲೇ ಸತ್ತುಹೋಗಿ, ಅಲ್ಲಿ ಕಪ್ಪು ಮೂಡುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಇವನು, ಉಂಡವನು ಮೈದುನ.

"ತಪ್ಪು ನಂದೇ" ಎಂದ. ಮೈದುನನನ್ನು ಎತ್ತಲು ಬಗ್ಗಿದ.

ಓಡಿಬಂದ ಹೆಂಡತಿ ಕೈಯಲ್ಲಿದ್ದ ಟೇಪಿನ ಕಬ್ಬಿಣದ ಹಿಡಿಯನ್ನು ಅವನ ಮುಖಕ್ಕೆ ಬೀಸಿದಳು. ಹುಬ್ಬು ಒಡೆಯಿತು. ಅವನು ಅಲುಗಲಿಲ್ಲ.

"ಏಳೋ ಆಸ್ಪತ್ರೆಗೆ ಹೋಗೋಣ" ಎಂದಳು ತಮ್ಮನಿಗೆ.

"ಈ ಕಡೆ ಏನೂ ಕೇಳಿಸ್ತಿಲ್ಲ ಅಕ್ಕ."

ಸಿಡಿಲಣ್ಣ ಹುಬ್ಬಿನ ರಕ್ತ ಒರೆಸಿಕೊಳ್ಳುತ್ತಾ ಅವರ ಹಿಂದೆ ಹೊರಟ. ಬಾಗಿಲಲ್ಲಿ ಅವಳು ತಿರುಗಿ ನಿಂತಳು.

"ನೀನು ಬರಬೇಡ. ನೀನು ಪಕ್ಕದಲ್ಲಿದ್ದಾಗೆಲ್ಲ ಡಾಕ್ಟರ್ ಹತ್ರ ಜಾರಿ ಬಿದ್ದೆ ಅಂತಲೇ ಹೇಳಿದೀನಿ. ಇವತ್ತು ನಾನು ನಿಜ ಹೇಳ್ಬೇಕು."