ಕಥೆಯಕ್ಕ ನುಂಗಿದ ಮಾತು

ಹೊಲಿಗೆ ಕೇಂದ್ರದ ಹೆಂಗಸರು ಅವಳನ್ನು ಕಥೆಯಕ್ಕ ಎಂದು ಕರೆಯುತ್ತಿದ್ದರು. ಅವಳೇನು ಕಥೆ ಕಟ್ಟುವವಳಲ್ಲ. ಅವಳ ಹತ್ತಿರ ಇದ್ದದ್ದು ಒಂದೇ ಕಥೆ, ತನ್ನ ಗಂಡ ಸತ್ತದ್ದು. ಹೊರದೇಶದಿಂದ ಯಾರೇ ಬರಲಿ, ಮೆಷಿನ್ ನಿಲ್ಲಿಸಿ, ಸೆರಗಿಗೆ ಅಂಟಿದ ದಾರದ ತುಂಡುಗಳನ್ನು ಕೊಡವಿಕೊಂಡು, ಎದ್ದುನಿಂತು ಅದನ್ನು ಹೇಳಬೇಕಿತ್ತು. ಹೇಳಿ ಹೇಳಿ ಅದೊಂದು ಗಿಣಿಪಾಠವಾಗಿಬಿಟ್ಟಿತ್ತು. ಅಳು ಬರುವುದು ನಿಂತು ಎಷ್ಟೋ ದಿನವಾಗಿತ್ತು. ಈಗ ಬರುತ್ತಿದ್ದುದು ಆಕಳಿಕೆ, ಅದನ್ನು ತಡೆಯುವುದೇ ದೊಡ್ಡ ಕೆಲಸವಾಗಿತ್ತು.

ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಆ ಹಾಳು ಕಾಯಿಲೆ ಊರೆಲ್ಲ ಹಬ್ಬಿದಾಗ ಅವನಿಗೂ ಉಸಿರು ಕಟ್ಟಿತು. ಆಂಬ್ಯುಲೆನ್ಸಿನವರು ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಬಂದು ಹತ್ತಿಸಿಕೊಂಡು ಹೋದರು, ಹೆಂಡತಿಯನ್ನು ಆಸ್ಪತ್ರೆಯ ಗೇಟಿನ ಒಳಗೂ ಬಿಡಲಿಲ್ಲ. ಆ ವಾರ ಆಸ್ಪತ್ರೆಯಲ್ಲಿ ಆಕ್ಸಿಜನ್ ಇರಲಿಲ್ಲ. ಅವನು ಸತ್ತ ಮೇಲೆ ಹೊರದೇಶದಿಂದ ವಿಮಾನ ತುಂಬ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆದರೆ ಕಳಿಸಿದವರನ್ನು ಬೈದು ಏನು ಪ್ರಯೋಜನ, ಅಷ್ಟು ದೂರದಿಂದ ಅವರಾದರೂ ಕಳಿಸಿದರು.

ಕಾಯಿಲೆ ಇಳಿದ ಮೇಲೆ ಅದೇ ಜನರಿಂದ ಹೊಲಿಗೆ ಮೆಷಿನ್‌ಗಳು ಬಂದವು, ಗಂಡನನ್ನು ಕಳೆದುಕೊಂಡ ಹೆಂಗಸರಿಗೆ. ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಕೇಂದ್ರ ಶುರುವಾಯಿತು. ಮೊದಲು ಮಾಸ್ಕ್ ಹೊಲಿದರು, ಆಮೇಲೆ ಶಾಲೆ ಮಕ್ಕಳ ಯೂನಿಫಾರ್ಮ್. ಪ್ರತಿ ಮೆಷಿನ್ನಿನ ಮೇಲೂ ಕೊಟ್ಟ ದೇಶದ ಬಾವುಟದ ಸ್ಟಿಕ್ಕರ್. ಅದು ಕಿತ್ತುಬರದಂತೆ ನೋಡಿಕೊಳ್ಳುವುದು ಬಾಬಿನ್ನಿಗೆ ದಾರ ತುಂಬುವಷ್ಟೇ ಮುಖ್ಯ ಎಂದು ಮೇಡಂ ಹೇಳಿದ್ದರು. ಪೆಡಲ್ ಗಟ್ಟಿ, ಬೆನ್ನು ಹಿಡಿಯುತ್ತದೆ ಎಂದು ಯಾರಾದರೂ ಗೊಣಗಿದರೆ, ಗುಂಡಿಗೆ ಕಾಜಾ ಹಾಕುವ ಅಜ್ಜಿ, "ದಾನಕ್ಕೆ ಬಂದ ಎಮ್ಮೆ, ಹಲ್ಲು ಎಣಿಸ್ಬೇಡ, ಸುಮ್ನೆ ತುಳಿ" ಅನ್ನುತ್ತಿದ್ದಳು.

ಕೇಂದ್ರ ನಡೆಸುತ್ತಿದ್ದ ಈ ಮೇಡಂ ಕೆಟ್ಟವರಲ್ಲ. ಹಾಲ್‌ನ ಬಾಡಿಗೆಗೂ ಬಟ್ಟೆಗೂ ವರ್ಷ ವರ್ಷ ಹೊರಗಿನವರ ಮುಂದೆ ಕೈಯೊಡ್ಡಿ ಅವರೂ ಸೋತಿದ್ದರು. ಶುರುವಿನಲ್ಲಿ ಅವರು ಇವಳನ್ನು ಕೂರಿಸಿಕೊಂಡು, ಗಂಡ ಕೊನೆಯದಾಗಿ ಏನಂದ ಎಂದು ಕೇಳಿದ್ದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಬ್ರಷ್‌ಗಳನ್ನ ಸೀಮೆಎಣ್ಣೇಲಿ ನೆನೆಹಾಕಿದೀನಿ, ಸಂಜೆ ಮರೀದೆ ತೆಗ್ದಿಡು ಅಂದ್ರು."

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದನ್ನ ಹೇಗಮ್ಮ ಬರೆಯೋದು? ಅಲ್ಲಿನವ್ರಿಗೆ ಮನಸ್ಸಿಗೆ ನಾಟ್ಬೇಕಲ್ಲ. ಮಕ್ಕಳಿದಾರಾ?"

"ಇಲ್ಲ."

"ಅತ್ತೆ?"

"ಇದಾರೆ, ನಾದಿನಿ ಮನೇಲಿ."

ಹಾಗೆ ಬಂತು ಆ ಮಾತು. 'ನನ್ನ ತಾಯಿಯನ್ನು ಚೆನ್ನಾಗಿ ನೋಡಿಕೋ, ಇದೇ ಅವರ ಕೊನೆಯ ಮಾತು.' ಅವಳು ಬೇಡ ಅನ್ನಲಿಲ್ಲ. ಹಸಿದ ಹೊಟ್ಟೆ ವಾದ ಮಾಡುವುದಿಲ್ಲ. ಆದರೆ ತಾಯಿಗೂ ಮಗನಿಗೂ ಹಾವು ಮುಂಗುಸಿಯ ಸಂಬಂಧ ಎಂಬುದು ಮೇಡಂಗೆ ಗೊತ್ತಿರಲಿಲ್ಲ. ತನ್ನನ್ನು ಕೇಳದೆ ಮದುವೆಯಾದನೆಂದು ತಾಯಿ ಬೀದಿಯಲ್ಲಿ ನಿಂತು ಬೈದಿದ್ದಳು. ಅಂದಿನಿಂದ ಸಾಯುವವರೆಗೂ ಅವನು ಅವಳ ಹೆಸರೆತ್ತಿರಲಿಲ್ಲ. ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದ.

ಕಥೆಯನ್ನೂ ಫೋಟೋವನ್ನೂ ಸೇರಿಸಿ ದೊಡ್ಡ ಬೋರ್ಡ್ ಮಾಡಿ ಕೇಂದ್ರದ ಗೋಡೆಗೆ ಹಾಕಿದರು. ಅದನ್ನು ಓದಿದ ಯಾರೋ ಪುಣ್ಯಾತ್ಮರು ಹೋಗಿ ಮುದುಕಿಯ ಕಿವಿಗೆ ಹಾಕಿದರು. ಆ ವಾರವೇ ಅವಳು ಬಟ್ಟೆಯ ಗಂಟು ಹಿಡಿದು ಸೊಸೆಯ ಬಾಗಿಲಿಗೆ ಬಂದಳು. "ನನ್ ಮಗ ಹೇಳಿದಾನಂತಲ್ಲ" ಅಂದಳು, ಅಷ್ಟೆ. ಸೊಸೆ ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಒಂದೇ ಕೋಣೆ, ಒಂದೇ ಫ್ಯಾನ್. ಮುದುಕಿಗೆ ಮಂಡಿ ನೋವು, ಸಕ್ಕರೆ ಕಾಯಿಲೆ, ಬಾಯಿಯಂತೂ ಹೇಳುವುದೇ ಬೇಡ. ಬೆಳಗ್ಗೆ ಅವಳ ಕಾಲಿಗೆ ಎಣ್ಣೆ ತಿಕ್ಕಿ, ಮಾತ್ರೆ ಕೊಟ್ಟು, ಬೈಸಿಕೊಂಡು, ಆಮೇಲೆ ಸೊಸೆ ಮೆಷಿನ್ ತುಳಿಯಲು ಹೋಗುತ್ತಿದ್ದಳು. ಸುಳ್ಳು ಒಂದು ದಿನ ಬಯಲಾದರೆ ಮಗಳ ಮನೆ ಬಿಟ್ಟುಬಂದ ಈ ಮುದುಕಿ ಎಲ್ಲಿಗೆ ಹೋಗುತ್ತಾಳೆ ಎಂಬ ಹೆದರಿಕೆ ಅವಳನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಹೊರದೇಶದವರು ಮತ್ತೆ ಬರುತ್ತಾರೆಂದು ಸುದ್ದಿ ಬಂತು. ನೆರವು ಮುಂದುವರಿಸಬೇಕೋ ನಿಲ್ಲಿಸಬೇಕೋ ಈ ಸಲ ತೀರ್ಮಾನವಂತೆ. "ಚೆನ್ನಾಗಿ ಹೇಳಮ್ಮ, ಎಲ್ಲ ನಿನ್ ಕೈಲಿದೆ" ಎಂದರು ಮೇಡಂ. ಮನೆಯಲ್ಲಿ ಮುದುಕಿ, "ಈ ಸಲ ನಾನೂ ಬರ್ತೀನಿ" ಅಂದಳು.

"ಮೆಟ್ಟಿಲು ಹತ್ತಬೇಕು ಅತ್ತೆ. ನಿಮ್ ಮಂಡಿ."

"ನನ್ ಮಂಡಿ, ನನ್ ಮೆಟ್ಟಿಲು. ನಿಂಗೇನು?"

ಅಂತೂ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಉದುರಿಸುತ್ತ ಹತ್ತಿಬಂದಳು. ಮೇಡಂ ಹಿಗ್ಗಿ, ಕಥೆಯ ತಾಯಿಯೇ ಬಂದಿದ್ದಾಳೆಂದು ಮುಂದಿನ ಸಾಲಿನಲ್ಲೇ ಕೂರಿಸಿದರು. ಅತಿಥಿಗಳು ಮೂವರು. ಅವರಿಗೂ ಪ್ರಯಾಣದ ಸುಸ್ತು, ಬೆವರು, ಬೆಳಗ್ಗಿನಿಂದ ಇಂಥವೇ ಊರುಗಳನ್ನು ನೋಡಿ ದಣಿದ ಮುಖಗಳು. ಪಕ್ಕದಲ್ಲಿ ಅವರ ಭಾಷೆಗೆ ತಿರುಗಿಸಿ ಹೇಳುವವನು. ಅವನಿಗೆ ಹೆಂಗಸರು ಇಟ್ಟ ಹೆಸರು ಎಕ್ಸ್‌ಪ್ರೆಸ್. ಪ್ರತಿ ಸಲವೂ ಅವನೇ ಬರುತ್ತಿದ್ದುದರಿಂದ ಕಥೆ ಅವನಿಗೂ ಬಾಯಿಪಾಠವಾಗಿತ್ತು. ಅವಳು ಅರ್ಧ ಹೇಳುವಷ್ಟರಲ್ಲಿ ಅವನು ಮುಂದಿನ ಸ್ಟೇಷನ್ ತಲುಪಿರುತ್ತಿದ್ದ.

ಅವಳು ಎದ್ದು ನಿಂತಳು. ಬಣ್ಣದ ಕೆಲಸ, ಕೆಮ್ಮು, ಆಂಬ್ಯುಲೆನ್ಸ್, ಆಸ್ಪತ್ರೆಯ ಗೇಟು, ಎಲ್ಲ ಸರಾಗವಾಗಿ ಬಂತು. ಕೊನೆಯ ಮಾತಿಗೆ ಬಂದಾಗ ಕಣ್ಣು ತಾನಾಗಿ ಮುಂದಿನ ಸಾಲಿಗೆ ಹೋಯಿತು. ಮುದುಕಿ ಕುರ್ಚಿಯ ಅಂಚಿಗೆ ಸರಿದು, ಕಿವಿ ಮುಂದೆ ಮಾಡಿ, ಬಾಯಿ ಸ್ವಲ್ಪ ತೆರೆದು ಕೂತಿದ್ದಳು. ಪರದೇಶದವರ ಮುಂದೆ ನೀರು ಕುಡಿದ ಹಾಗೆ ಹೇಳಿದ್ದ ಸುಳ್ಳು ಆ ಮುಖದ ಮುಂದೆ ಬಾಯಿಗೆ ಬರಲಿಲ್ಲ. ಅದನ್ನು ನುಂಗಿ ಅವಳು ಅಲ್ಲಿಗೇ ನಿಲ್ಲಿಸಿದಳು.

ಎಕ್ಸ್‌ಪ್ರೆಸ್ ನಿಲ್ಲಲಿಲ್ಲ. ಅವಳು ಆಡದ ಮಾತನ್ನು ಅವರ ಭಾಷೆಯಲ್ಲಿ, ದನಿ ತಗ್ಗಿಸಿ, ಬಹಳ ಚೆನ್ನಾಗಿ ಹೇಳಿ ಮುಗಿಸಿದ. ಅತಿಥಿಗಳಲ್ಲಿ ಒಬ್ಬಾಕೆ ಕರ್ಚೀಫು ತೆಗೆದಳು. ಇನ್ನೊಬ್ಬ ತಲೆ ಬಗ್ಗಿಸಿದ. ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು, ಇನ್ನೂ ಒಂದು ವರ್ಷ ನೆರವು ಕೊಡುತ್ತೇವೆ ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು, ಮೇಡಂ ಕಣ್ಣಲ್ಲಿ ನೀರು. ಅವಳಿಗೆ ಮಾತ್ರ, ಹಾಗಾದರೆ ಇನ್ನೂ ಒಂದು ವರ್ಷ ಹೇಳಬೇಕಲ್ಲ ಎನಿಸಿತು.

ಮನೆಗೆ ನಡೆಯುತ್ತ ಮುದುಕಿ ಬೈಯುವುದನ್ನೂ ಮರೆತಿದ್ದಳು. ಮುಚ್ಚಿದ ಒಂದು ಅಂಗಡಿಯ ಮುಂದೆ ನಿಂತು ಕೇಳಿದಳು.

"ಎಲ್ಲಾ ಹೇಳ್ದೆ. ಅದೊಂದನ್ನ ಯಾಕೆ ಬಿಟ್ಟೆ?"

"ಆ ಎಕ್ಸ್‌ಪ್ರೆಸ್ ಹೇಳಿದ್ನಲ್ಲ ಅತ್ತೆ."

"ಅವ್ನು ಅವ್ರಿಗೆ ಹೇಳ್ದ. ನಂಗ್ಯಾರು ಹೇಳ್ತಾರೆ? ಅಷ್ಟು ಮೆಟ್ಟಿಲು ಹತ್ತಿದ್ದು ನಿನ್ ಬಾಯಿಂದ ಒಂದ್ಸಲ ಕೇಳೋಣ ಅಂತ."

ಹೇಳಿಬಿಡಬಹುದಿತ್ತು. ಊರವರಿಗೆಲ್ಲ ಹೇಳಿದ್ದನ್ನು ಇನ್ನೊಂದು ಸಲ ಹೇಳಲು ಎಷ್ಟು ಹೊತ್ತು? ಆದರೆ ಅವಳಿಗೆ ನಿಜವಾಗಿಯೂ ಸಾಕಾಗಿತ್ತು.

"ಅವ್ರು ಹಾಗೆ ಅನ್ನಲಿಲ್ಲ ಅತ್ತೆ. ನಿಮ್ ಮಾತೇ ತೆಗೀಲಿಲ್ಲ. ಅದು ಮೇಡಂ ಬರೆದದ್ದು."

ಮುದುಕಿ ಅಂಗಡಿಯ ಕಟ್ಟೆಯ ಮೇಲೆ ನಿಧಾನಕ್ಕೆ ಕೂತಳು. ಅಳಲಿಲ್ಲ. ಮುಖ ಮಾತ್ರ ಸಾವಿನ ಸುದ್ದಿ ಈಗಷ್ಟೇ ಮುಟ್ಟಿದವರ ಮುಖದ ಹಾಗೆ ಆಯಿತು. ಮಗ ಸಿಟ್ಟಿನಲ್ಲೇ ಹೋಗಿದ್ದ. ಇನ್ನು ಅದನ್ನು ಯಾರೂ ಬದಲಿಸುವಂತಿರಲಿಲ್ಲ. ಸೊಸೆ ಬಾಯಿಬಿಟ್ಟದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು. ರಸ್ತೆಯಲ್ಲಿ ಜನ ಅವರಿಬ್ಬರನ್ನು ಬಳಸಿಕೊಂಡು ಹೋಗುತ್ತಿದ್ದರು.

"ಹಾಗಾದ್ರೆ," ಮುದುಕಿ ಕೇಳಿದಳು, "ಇಷ್ಟು ದಿನ ನನ್ನನ್ನ ಯಾರ ಮಾತಿಗೆ ಇಟ್ಕೊಂಡಿದ್ದೆ?"

ಅವಳು ಯೋಚಿಸಿದಳು. ಯಾರೂ ಹೇಳಿರಲಿಲ್ಲ. ಯಾಕೆ ಎಂದು ತಾನೂ ಕೇಳಿಕೊಂಡಿರಲಿಲ್ಲ.

"ಗೊತ್ತಿಲ್ಲ ಅತ್ತೆ. ಏಳಿ, ಮಾತ್ರೆ ಹೊತ್ತಾಯ್ತು."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಎಬ್ಬಿಸು ಎಂದು ಕೈ ಚಾಚಿದಳು.