ಡಿ ಡ್ರೈವಿನಲ್ಲಿದ್ದ ಅಪ್ಪನ ಮಳೆ

ಯಾರಾದರೂ ‘ಇದಿನ್ನು ಆಗಲ್ಲ, ಗುಜರಿಗೆ ಹಾಕಿ’ ಅಂದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ವಸ್ತು ಯಾವುದೇ ಇರಲಿ, ಹೇಳಿದವರು ಯಾರೇ ಇರಲಿ, ಅದನ್ನು ನಡೆಸಿ ತೋರಿಸುವವರೆಗೂ ನನಗೆ ಊಟ ಸೇರುವುದಿಲ್ಲ. ನಮ್ಮ ಎಸ್ಟೇಟ್ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದರ ಬಗ್ಗೆ ಇದೇ ಮಾತು ಬಂತು. ‘ನಂಗೆ ಕೊಡಿ’ ಅಂದೆ.

‘ಅದು ಆನ್ ಆಗೋಕೇ ಅರ್ಧ ಗಂಟೆ ಬೇಕಲ್ಲ ರೈಟ್ರಮ್ಮ, ತಗೊಂಡ್ಹೋಗಿ ಎಂತ ಮಾಡ್ತೀರಿ?’ ಎಂದು ತೋಟದ ಸಾಹುಕಾರರು ನಕ್ಕರು. ನಗಲಿ ಎಂದುಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮನೆಗೆ ತಂದೆ.

ನಾನು ಮಲ್ಲಂದೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಸ್ಟಾಕು, ಗೇಟ್ ಪಾಸು ಎಲ್ಲ ನನ್ನ ಕೈಯಲ್ಲೇ. ನನಗಿಂತ ಮೊದಲು ಇದೇ ಕುರ್ಚಿಯಲ್ಲಿ ಮೂವತ್ತೆಂಟು ವರ್ಷ ಕೂತವರು ಅಪ್ಪ. ಅವರು ರಿಟೈರ್ ಆದಮೇಲೂ ರೈಟರ್ ಕ್ವಾರ್ಟರ್ಸ್ ನಮ್ಮಿಂದ ಹೋಗಲಿಲ್ಲ, ಏಕೆಂದರೆ ಕುರ್ಚಿ ನನಗೆ ಬಂತು. ಅಲ್ಲಿಯೇ ಅಪ್ಪ, ನಾನು ಇಬ್ಬರೇ ಇದ್ದೇವೆ.

ಆ ಕಂಪ್ಯೂಟರಿನ ಮೇಲೆ ನನಗೆ ಆಸೆಯಿದ್ದದ್ದು ಅದರೊಳಗಿದ್ದ ಮಳೆಗಾಗಿ. ನಮ್ಮ ಕಡೆ ಎಲ್ಲ ಎಸ್ಟೇಟಿನಲ್ಲೂ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು, ಇಷ್ಟು ಸೆಂಟ್ಸ್ ಎಂದು ಪುಸ್ತಕದಲ್ಲಿ ಬರೆಯಬೇಕು. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಾವು ಇಂಚು ಬಿಟ್ಟಿಲ್ಲ. ಅಪ್ಪ ಮೂವತ್ತೆಂಟು ವರ್ಷ ಒಂದು ದಿನ ಬಿಡದೆ ಬರೆದಿದ್ದರು. ನಾನು ನಾಲ್ಕು ಮಳೆಗಾಲ ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಟೈಪ್ ಮಾಡಿದೆ. ಆಮೇಲೆ ಆಫೀಸಿನ ಅಟ್ಟದಲ್ಲಿದ್ದ ಪುಸ್ತಕಗಳು ಗೆದ್ದಲು ಹಿಡಿದು ಮಣ್ಣಾದವು. ಅಪ್ಪನ ಮಳೆ ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ಅಷ್ಟೇ ಆಗಿದ್ದರೆ ಇಷ್ಟು ಮಂಡೆಬಿಸಿ ಇರುತ್ತಿರಲಿಲ್ಲ. ಅಪ್ಪನಿಗೆ ಮರೆವು ಶುರುವಾಗಿದೆ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದ್ದರು. ಮಾತ್ರೆ ನುಂಗಿದ್ದೇನೋ ಇಲ್ಲವೋ ಎನ್ನುವುದು ಮರೆಯುತ್ತಿತ್ತು. ಪಕ್ಕದ ಕೂಲಿ ಲೈನಿನ ಮನೆಯವರ ಹೆಸರು ಮರೆಯುತ್ತಿತ್ತು. ಆದರೆ ಮಳೆ ಮರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಕೂರುವರು. ‘ಕೇಳು’ ಎನ್ನುವರು. ನಾನು ಒಂದು ವರ್ಷ ಹೇಳಬೇಕು. ನಮ್ಮಿಬ್ಬರ ನಡುವೆ ವರ್ಷಕ್ಕೆ ಇಸವಿ ಇಲ್ಲ, ನಾನು ಎಷ್ಟನೇ ಕ್ಲಾಸಿನಲ್ಲಿದ್ದೆ ಎನ್ನುವುದೇ ಇಸವಿ. ಆ ವರ್ಷ ಅದೇ ತಾರೀಖಿಗೆ ಎಷ್ಟು ಮಳೆ ಎಂದು ಅಪ್ಪ ಹೇಳುವರು, ನಾನು ಫೈಲು ತೆಗೆದು ನೋಡುವೆ. ಸೆಂಟ್ಸ್ ಹೆಚ್ಚುಕಡಿಮೆ ಆದರೂ ಇಂಚು ತಪ್ಪುತ್ತಿರಲಿಲ್ಲ. ಸರಿ ಎಂದು ನಾನು ಅಂದಾಗ ಅವರ ಮುಖ ನೋಡಬೇಕಿತ್ತು. ತಾನಿನ್ನೂ ತಾನಾಗಿಯೇ ಇದ್ದೇನೆ ಎಂಬುದಕ್ಕೆ ಅವರಿಗೆ ಇದ್ದ ಸಾಕ್ಷಿ ಅದೊಂದೇ.

ಈ ಕಂಪ್ಯೂಟರೋ, ಆನ್ ಮಾಡಿದರೆ ತಿರುಗುವ ಚಕ್ರ ತೋರಿಸುತ್ತ ಕೂತುಬಿಡುತ್ತಿತ್ತು. ಫೈಲು ತೆರೆಯುವಷ್ಟರಲ್ಲಿ ಅಪ್ಪನ ಕಾಫಿ ಮುಗಿದು, ಯಾವ ವರ್ಷ ಕೇಳಿದ್ದೆ ಎನ್ನುವುದೇ ಅವರಿಗೆ ಮರೆಯುತ್ತಿತ್ತು. ಹಾಗಿರುವಾಗ ಒಂದು ದಿನ ಫೋನಿನ ವಿಡಿಯೋದಲ್ಲಿ ಯಾರೋ ಹುಡುಗಿ ಇಂಥದ್ದೇ ಮುದಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಂ ಹಾಕಿ, ಅದು ಜಿಂಕೆಮರಿಯ ಹಾಗೆ ಓಡುವುದನ್ನು ತೋರಿಸಿದಳು. ನಾನು ಕೂತಲ್ಲಿಂದ ಎದ್ದೇ ನಿಂತೆ.

‘ಅಪ್ಪಾ, ಹೊಸ ಸಿಸ್ಟಂ ಹಾಕ್ತೀನಿ ಇದಕ್ಕೆ!’

‘ಮಳೆ ಇರತ್ತಲ್ಲ?’ ಅಂದರು ಅಪ್ಪ.

‘ಇರತ್ತಪ್ಪ, ಎಲ್ಲಿ ಹೋಗತ್ತೆ!’

ಆ ವಾರ ನನ್ನನ್ನು ಹಿಡಿಯುವವರಿರಲಿಲ್ಲ. ಲಿನಕ್ಸಿನ ಫೈಲು ಎರಡೂವರೆ ಜಿಬಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ; ಕಾಫಿ ಒಣಗಿಸುವ ಕಣದ ಮೂಲೆಯ ಕಟ್ಟೆಯ ಮೇಲೆ ಮಾತ್ರ ಬರುತ್ತದೆ. ಎರಡು ದಿನ ಮಧ್ಯಾಹ್ನದ ಊಟವನ್ನು ಆ ಕಟ್ಟೆಯ ಮೇಲೆಯೇ ಮಾಡಿದೆ, ಫೋನಿಗೆ ಬಿಸಿಲು ಬೀಳದಂತೆ ಟಿಫಿನ್ ಕ್ಯಾರಿಯರ್ ಅಡ್ಡ ಇಟ್ಟು. ಮೇಸ್ತ್ರಿ ಬಂದು ‘ಎಂತದು ರೈಟ್ರಮ್ಮ, ಫೋನಿಗೆ ಕಾವು ಕೂತಿದ್ದೀರಾ?’ ಎಂದು ಕಿಚಾಯಿಸಿದ. ನೂರಕ್ಕೆ ತೊಂಬತ್ತಾದಾಗ ಒಮ್ಮೆ ಕಡಿದುಹೋಯಿತು. ನಾನು ಬಯ್ದ ಬೈಗುಳಕ್ಕೆ ಕಣದಲ್ಲಿದ್ದ ನಾಯಿ ಎದ್ದು ಹೋಯಿತು. ಮತ್ತೆ ಹಾಕಿದೆ. ಬಂತು. ಅದನ್ನು ಪೆನ್‌ಡ್ರೈವಿಗೆ ಇಳಿಸಿದೆ, ಬರಿಯ ಕಾಪಿ ಅಲ್ಲ, ಕಂಪ್ಯೂಟರು ಅದರಿಂದಲೇ ಎದ್ದೇಳುವ ಹಾಗೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಪೆನ್‌ಡ್ರೈವು. ಮಳೆ ಫೈಲಿನ ಷರಾ ಕಾಲಮ್ಮಿನಲ್ಲಿ ಹಳೇ ಕನ್ನಡ ಫಾಂಟ್ ಇತ್ತು. ಅದಿಲ್ಲದಿದ್ದರೆ ಹೊಸದರಲ್ಲಿ ಅಕ್ಷರವೆಲ್ಲ ಚೆಲ್ಲಾಪಿಲ್ಲಿ ಆಗುತ್ತದೆ ಎಂದು ಎಲ್ಲೋ ಓದಿ, ಫಾಂಟನ್ನೂ ಹುಡುಕಿ ಫೋನಿನಲ್ಲಿ ಇಟ್ಟೆ. ಇಷ್ಟು ಜಾಣತನ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಎಲ್ಲ ವಿಡಿಯೋದಲ್ಲೂ ಹೇಳುವುದು ಒಂದೇ: ಮೊದಲು ಬ್ಯಾಕಪ್. ಅದನ್ನೂ ಮಾಡಿದೆ. ಕಂಪ್ಯೂಟರಿನಲ್ಲಿ ಸಿ ಡ್ರೈವು, ಡಿ ಡ್ರೈವು ಎಂದು ಎರಡಿದ್ದವು. ನಮ್ಮ ತೋಟದಲ್ಲೂ ಬ್ಲಾಕುಗಳಿವೆ, ಒಂದೊಂದಕ್ಕೂ ಬೇರೆ ಬೇಲಿ, ಬೇರೆ ಗೇಟು. ಹಳೇ ಗಿಡ ಕಿತ್ತು ಹೊಸದು ಹಾಕುವಾಗ ಒಂದು ಬ್ಲಾಕನ್ನು ಪೂರಾ ಬೋಳು ಮಾಡುತ್ತೇವೆ. ಪಕ್ಕದ ಬ್ಲಾಕಿನ ಒಂದು ಎಲೆಯೂ ಅಲ್ಲಾಡುವುದಿಲ್ಲ. ಸಿ ಬ್ಲಾಕನ್ನು ಬೋಳು ಮಾಡಿ ಅಲ್ಲಿ ಲಿನಕ್ಸ್ ನೆಡುವುದು, ಡಿ ಬ್ಲಾಕಿನಲ್ಲಿ ಅಪ್ಪನ ಮಳೆ ಬೇಲಿಯೊಳಗೆ ಹಾಯಾಗಿರುವುದು, ಇದು ನನ್ನ ಲೆಕ್ಕಾಚಾರ. ಫೈಲನ್ನು ಸಿಯಿಂದ ಡಿಗೆ ಸಾಗಿಸಿ, ‘ಬ್ಯಾಕಪ್ ಆಯ್ತು ಅಪ್ಪಾ’ ಎಂದು ಕೂಗಿ ಹೇಳಿದೆ. ರೈಟರ್ ಕೆಲಸ ಮಾಡಿದವರು ಯಾರಾದರೂ ಹಾಗೆಯೇ ಯೋಚಿಸುತ್ತಿದ್ದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸಂತೆಯ ದಿನ ತೋಟಕ್ಕೆ ರಜೆ. ಅವತ್ತೇ ಮುಹೂರ್ತ. ಒಂದೇ ಭಯವೆಂದರೆ ಕರೆಂಟು. ಏಪ್ರಿಲ್ ತಿಂಗಳು, ಸಂಜೆ ಗಾಳಿ ಎದ್ದರೆ ಎಲ್ಲಾದರೂ ಮರ ಬಿದ್ದು ಲೈನು ಹೋಗುತ್ತದೆ, ಅರ್ಧದಲ್ಲಿ ನಿಂತರೆ ಹಳೇ ಸಿಸ್ಟಂ, ಹೊಸ ಸಿಸ್ಟಂ ಎರಡೂ ಕೆಡುತ್ತವೆ. ಯುಪಿಎಸ್ ಬ್ಯಾಟರಿ ಉಬ್ಬಿ ಸತ್ತಿತ್ತು. ಆಲ್ದೂರಿನಲ್ಲಿ ಪಂಪ್‌ಸೆಟ್ಟು, ಮಿಕ್ಸಿ, ಯುಪಿಎಸ್ ಎಲ್ಲ ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆ, ಅಪ್ಪನ ಕಾಲದಿಂದ ತೋಟಕ್ಕೆ ಬರುವವರು. ಹತ್ತು ಗಂಟೆಗೆ ಬ್ಯಾಟರಿ ತರುತ್ತೇನೆ ಎಂದವರು ಹನ್ನೊಂದಾದರೂ ಬರಲಿಲ್ಲ. ನನಗೆ ತಾಳ್ಮೆ ಎಲ್ಲಿಂದ ಬರಬೇಕು! ಪೆನ್‌ಡ್ರೈವು ಸಿಕ್ಕಿಸಿ, ಆನ್ ಆಗುವಾಗಲೇ ಡಿಲೀಟ್ ಕೀಯನ್ನು ಟಪಟಪ ಒತ್ತಿ, ನೀಲಿ ಪರದೆಯಲ್ಲಿ ‘ಮೊದಲು ಪೆನ್‌ಡ್ರೈವಿನಿಂದ ಏಳು’ ಎಂದು ಬದಲಿಸಿದೆ. ಎದ್ದಿತು! ಹೊಸ ಪರದೆ, ಹೊಸ ಬಣ್ಣ. ‘ಅಪ್ಪಾ ಬಂತೂ!’ ಎಂದು ಕುಣಿದೇಬಿಟ್ಟೆ. ಭಾಷೆ ಕೇಳಿತು, ಕನ್ನಡ ಎಂದೆ. ಕೊನೆಗೆ ಕೇಳಿತು, ಡಿಸ್ಕನ್ನು ಅಳಿಸಿ ಹಾಕಲೇ? ಹಾಕು ಎಂಬಲ್ಲಿ ಗುರುತು ಮಾಡಿದೆ. ಇನ್ನೊಂದು ಸಲ ಒತ್ತಿದರೆ ಸಿ ಬ್ಲಾಕು ಬೋಳು.

ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನ್. ಸಾಬರು ಬ್ಯಾಟರಿ ಹೊತ್ತು ಒಳಗೆ ಬಂದರು.

‘ಏನ್ ತಂಗೀ, ಶುರು ಮಾಡೇಬಿಟ್ಯಾ? ನಿಲ್ಸು ನಿಲ್ಸು. ಉಳಿಸ್ಕೊಳ್ಳೋದು ಎಂತಾದ್ರೂ ಉಂಟಾ ಇದ್ರಲ್ಲಿ?’

‘ಅಪ್ಪನ ಮಳೆ ಇದೆ. ಅದು ಡಿಯಲ್ಲಿದೆ, ಹೆದರ್ಬೇಡಿ.’

‘ಹಂಗಾರೆ ಡಿಯ ವೈರ್ ಕಿತ್ತು ಹೊರಗಿಡು. ಮೋಟ್ರು ಬಿಚ್ಚುವಾಗ ನಾವು ಮೊದ್ಲು ಬೇಕಾದ್ದನ್ನ ಬದೀಗೆ ಎತ್ತಿಡ್ತೀವಿ. ಆಮೇಲೆ ಸುತ್ತಿಗೆ.’

ನನಗೆ ರೇಗಿತು. ಅಲ್ಲ, ಈಗ ಬೆರಳು ಬಟನ್ ಮೇಲಿದೆ, ಇವರದೊಂದು ಉಪದೇಶ! ‘ಬೇಡ ಸಾಬ್ರೇ, ಅದೇ ಬೇರೆ, ಇದೇ ಬೇರೆ’ ಎಂದೆ. ಅಪ್ಪ ಕುರ್ಚಿಯಿಂದಲೇ, ‘ಅವ್ರು ಹೇಳಿದ್ದು ಕೇಳು ಮಾರಾಯ್ತಿ. ಮಳೆ ಹೊರಗೆ ತೆಗ್ದಿಡು’ ಎಂದರು. ಇಬ್ಬರೂ ಒಂದಾದಮೇಲೆ ನನ್ನದೇನು ನಡೆಯುತ್ತದೆ? ಸಿಟ್ಟಿನಲ್ಲೇ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಡ್ರೈವರ್ ಅವರ ಕೈಗೆ ಕೊಟ್ಟೆ.

ಪಕ್ಕದ ತಗಡು ತೆಗೆದರೆ ಒಳಗೆ ಬೆರಳು ದಪ್ಪ ಧೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ ಎರಡು. ಸಾಬರು ಉಫ್ ಎಂದು ಊದಿ, ಟಾರ್ಚು ಬಿಟ್ಟರು. ‘ಇದೊಂದು ಡಿಸ್ಕು. ಇದು ಸಿ ಇರ್ಬೇಕು. ಎಲ್ಲಿ ನಿನ್ನ ಡಿ?’

‘ಅಲ್ಲೇ ಪಕ್ಕ ಇರತ್ತೆ, ಸರಿಯಾಗಿ ನೋಡಿ.’

ಮತ್ತೆ ನೋಡಿದರು. ಕೆಳಗೆ ನೋಡಿದರು, ಹಿಂದೆ ಕೈ ಹಾಕಿದರು. ‘ಯಾ ಅಲ್ಲಾ! ಒಂದೇ ಇರೋದು ತಂಗಿ. ಸಿನೂ ಇದ್ರಲ್ಲೇ, ಡಿನೂ ಇದ್ರಲ್ಲೇ.’

ಬೇಲಿಯೂ ಇಲ್ಲ, ಗೇಟೂ ಇಲ್ಲ. ಡಿಸ್ಕನ್ನು ಅಳಿಸಲೇ ಎಂದು ಅದು ನೆಟ್ಟಗೆ ಕೇಳಿತ್ತು, ಹಾಕು ಎಂದು ನಾನೇ ಗುರುತು ಮಾಡಿದ್ದೆ. ಮೂವತ್ತೆಂಟು ವರ್ಷದ ಮಳೆಗೂ ನನ್ನ ಬೆರಳಿಗೂ ಇದ್ದ ಅಂತರ ಒಂದು ಒತ್ತು. ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಗೊತ್ತಿದೆ ಗೊತ್ತಿದೆ ಎಂದು ಮೆರೆದವಳಲ್ಲವೇ!

‘ಹೋಗಿಲ್ಲವಲ್ಲ?’ ಎಂದು ಅಪ್ಪ ಕೇಳಿದರು.

‘ಹೋಗಿಲ್ಲಪ್ಪ. ಆದ್ರೆ ಹೋಗ್ತಿತ್ತು.’

ಸಾಬರು ವ್ಯಾನಿಗೆ ಹೋಗಿ, ಹಾಡು ಹಾಕುವ ಪೆನ್‌ಡ್ರೈವನ್ನು ಕಿತ್ತು ತಂದರು. ‘ಇದ್ರಲ್ಲಿ ಹಾಕು. ಜಾಗ ಸಾಲದಿದ್ರೆ ನನ್ನ ಹಾಡೆಲ್ಲ ತೆಗ್ದು ಬಿಸಾಕು, ಪರವಾಗಿಲ್ಲ.’ ಹಳೇ ಸಿಸ್ಟಂ ಎದ್ದೇಳುವ ಅರ್ಧ ಗಂಟೆ ಮೂವರೂ ಆ ತಿರುಗುವ ಚಕ್ರವನ್ನೇ ನೋಡುತ್ತ ಕೂತೆವು. ಡಿ ತೆರೆಯಿತು, ಫೈಲು ಇತ್ತು. ಕಾಪಿ ಎಂದು ಒತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ನನಗೆ ನಂಬಿಕೆ ಬರಲಿಲ್ಲ. ನೋಡಿದರೆ ಮೂವತ್ತೆಂಟು ವರ್ಷದ ಮಳೆ, ಸಾಬರ ಒಂದು ಹಾಡಿನ ಕಾಲು ಭಾಗದಷ್ಟೂ ಇರಲಿಲ್ಲ.

‘ಅಷ್ಟೇನಾ?’ ಎಂದರು ಅಪ್ಪ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ನಾನು ಅದನ್ನು ನನ್ನ ಫೋನಿಗೆ ಹಾಕಿದೆ. ಸಾಬರ ಫೋನಿಗೆ ಹಾಕಿದೆ. ಎರಡರಲ್ಲೂ ತೆರೆದು, ಮೊದಲ ಸಾಲು, ಕೊನೆಯ ಸಾಲು ಓದಿ ನೋಡಿದೆ. ಹೊಸ ಬ್ಯಾಟರಿ ಕೂತಿತು. ಆಮೇಲೆ ನನ್ನ ಪೆನ್‌ಡ್ರೈವು ಸಿಕ್ಕಿಸಿ, ಅದೇ ಪ್ರಶ್ನೆ ಬಂದಾಗ ‘ಅಳಿಸು ಈಗ, ಎಷ್ಟು ಬೇಕೋ ಅಷ್ಟು ಅಳಿಸು!’ ಎಂದು ಒತ್ತಿದೆ. ಇಪ್ಪತ್ತೈದೇ ನಿಮಿಷ. ಮತ್ತೆ ಆನ್ ಮಾಡಿದರೆ, ಸಾಬರು ಚಹಾ ಬಾಯಿಗಿಡುವ ಮೊದಲೇ ಪರದೆ ರೆಡಿ. ಸಾಬರ ಪೆನ್‌ಡ್ರೈವಿನಿಂದ ಮಳೆಯನ್ನು, ಫೋನಿನಿಂದ ಫಾಂಟನ್ನು ಒಳಗೆ ಹಾಕಿ ಫೈಲಿನ ಮೇಲೆ ಒತ್ತಿದೆ, ಇಗೋ ಎಂದು ತೆರೆಯಿತು. ಷರಾ ಕಾಲಮ್ಮಿನ ಕನ್ನಡವೂ ನೆಟ್ಟಗಿತ್ತು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

‘ಕೇಳು’ ಎಂದರು ಅಪ್ಪ. ಅವರಿಗೂ ಹುರುಪು ಬಂದಿತ್ತು.

‘ಒಂಬತ್ತನೇ ಕ್ಲಾಸು.’

‘ಒಂದು ಇಂಚು ನಲವತ್ತು ಸೆಂಟ್ಸ್. ಹೂ ಮಳೆ. ಕಾಫಿ ಹೂವಿಗೆ ಹೇಳಿ ಮಾಡಿಸಿದ ಮಳೆ. ಬೆಳಿಗ್ಗೇನೂ ಹನೀತಿತ್ತು, ನಾನು ಗಾಜು ಹಿಡ್ದಿದ್ದೆ, ನಿಮ್ಮಮ್ಮ ಕೊಡೆ ಹಿಡ್ದು ನಿಂತಿದ್ಲು. ಅವಳ ಅರ್ಧ ಸೀರೆ ನೆಂದಿತ್ತು.’

ಫೈಲು ನೋಡುವ ಮೊದಲೇ ನನಗೆ ಗೊತ್ತಾಗಿಹೋಯಿತು. ಅಮ್ಮ ತೀರಿಕೊಂಡದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಪರದೆಯಲ್ಲಿ ಒಂಬತ್ತನೇ ಕ್ಲಾಸಿನ ಆ ದಿನಕ್ಕೆ ಸೊನ್ನೆ ಇತ್ತು. ಸಾಬರು ಚಹಾ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸರಿ ಎಂದುಬಿಡೋಣ, ಯಾರಿಗೇನು ನಷ್ಟ ಅನ್ನಿಸಿತು. ಆದರೆ ಬೆಳಿಗ್ಗೆಯಷ್ಟೇ ಒಂದು ತಪ್ಪು ಮಾಡಿದ್ದೆ, ಇನ್ನೊಂದು ಬೇಡವಾಗಿತ್ತು.

‘ಸೊನ್ನೆ ಇದೆಯಪ್ಪ.’

ಅಪ್ಪ ಲೋಟ ಕೆಳಗಿಟ್ಟರು. ‘ಬಂದಿತ್ತು ಕಣೇ ಆ ಮಳೆ. ಹುಡುಕು’ ಎಂದರು.

1.40 ಎಂದು ಹೊಡೆದು ಹುಡುಕಿದೆ. ಮೊದಲು ಸಿಕ್ಕಿದ್ದು ಒಂದು ಜುಲೈ, ಅದಲ್ಲ. ಎರಡನೆಯದು ಏಪ್ರಿಲ್, ಅದೇ ತಾರೀಖು. ಷರಾದಲ್ಲಿ ಅಪ್ಪನೇ ಬರೆದದ್ದು: ಹೂ ಮಳೆ.

‘ಐದನೇ ಕ್ಲಾಸು ಅಪ್ಪಾ! ನಾನು ಐದನೇ ಕ್ಲಾಸಲ್ಲಿದ್ದಾಗ!’

‘ಬಂದಿತ್ತಲ್ಲ!’ ಎಂದು ಅಪ್ಪ ಎದ್ದೇ ನಿಂತರು. ‘ನೋಡಿದ್ರಾ ಸಾಬ್ರೇ, ಬಂದಿತ್ತಲ್ಲ!’ ಎನ್ನುತ್ತ ಪರದೆಯ ಹತ್ತಿರ ಬಂದು ಆ ಸಾಲನ್ನು ಬೆರಳಿನಿಂದ ಮುಟ್ಟಿದರು.

ಫೈಲು ಹೋಗಿದ್ದರೆ, ಒಂಬತ್ತನೇ ಕ್ಲಾಸಿನಲ್ಲಿ ಅಮ್ಮ ಇರಲೇ ಇಲ್ಲವಲ್ಲ ಅಪ್ಪಾ, ಅಂಥ ಮಳೆ ಬಂದೇ ಇಲ್ಲ ಎಂದು ನಾನೇ ಅವರಿಗೆ ಹೇಳಿಬಿಡುತ್ತಿದ್ದೆ.